ತುಂಬಿ ಬಂದ ಡಬ್ಬ

"ಅದು ವಿಷ ಅಂತ ಬರೆದಿದ್ದಲ್ಲ ಆಂಟಿ. ಅದು ನಮ್ಮನೆ ಜೋಕು," ಎಂದಳು ಅಮೂಲ್ಯಾ. ತನ್ನ ಅಡುಗೆಮನೆಯ ಫ್ರಿಜ್ಜಿನ ಪಕ್ಕದ ಸಂದಿಯನ್ನು ಬೆರಳಿಂದ ತೋರಿಸಿದಳು.

ನಾನು ಕುತ್ತಿಗೆ ಬಗ್ಗಿಸಿ ನೋಡಿದೆ. ಗೋಡೆಗೆ ಮುಖ ಮಾಡಿದ್ದ ಆ ಬದಿಯ ತುಂಬ ಬಿಳಿ ಸ್ಟಿಕರುಗಳು. ಎಲ್ಲದರ ಮೇಲೂ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಮಾತು. ಗಿಫ್ಟ್. ಗಿಫ್ಟ್. ಗಿಫ್ಟ್.

ನಾನು ಊರ್ಮಿಳಾ ಕರ್ಕೇರ. ಹುಟ್ಟಿದ್ದು ಉಡುಪಿಯ ಕಡೆ, ಇರುವುದು ಅಮೆರಿಕದ ನಾರ್ತ್ ಕ್ಯಾರೊಲೈನಾದ ಡರ್ಹಮ್‌ನಲ್ಲಿ, ಹೊಟ್ಟೆಪಾಡು ಪತ್ತೇದಾರಿಕೆ. ಇಷ್ಟು ವರ್ಷ ಸುಳ್ಳು ಸೊಂಟನೋವು ಹೇಳಿ ಇನ್ಶೂರೆನ್ಸ್ ಕೇಳುವವರ ಬೆನ್ನು ಹತ್ತಿ ತಿರುಗಿದವಳಿಗೆ ಈ ಹುಡುಗಿ ಬಂದು ಗಂಟುಬಿದ್ದಳು. ಅವಳ ಗಂಡ ಗೋಪಿನಾಥ ಹೋದ ತಿಂಗಳು ಡರ್ಹಮ್‌ನ ತನ್ನ ಅಪಾರ್ಟ್‌ಮೆಂಟಿನಲ್ಲಿ ಸತ್ತು ಬಿದ್ದಿದ್ದ. ಮೇಜಿನ ಮೇಲೆ ಸ್ಟೀಲ್ ಡಬ್ಬ, ಡಬ್ಬದಲ್ಲಿ ವಿಷ ಬೆರೆತ ರವೆ ಉಂಡೆ, ಮುಚ್ಚಳದ ಮೇಲೆ ಇದೇ ಸ್ಟಿಕರು.

ಕೇಸು ನೋಡುತ್ತಿರುವ ಡಿಟೆಕ್ಟಿವ್ ವೀವರ್‌ಗೆ ಆ ಸ್ಟಿಕರೇ ಸಾಕಾಗಿತ್ತು. ಜರ್ಮನ್ ಭಾಷೆಯಲ್ಲಿ ಗಿಫ್ಟ್ ಎಂದರೆ ವಿಷವಂತೆ. ಗೋಪಿನಾಥನ ಕೆಲಸ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಕಂಪನಿಯಲ್ಲಿ, ಯೂರೋಪಿಗೆ ಹೋಗುವ ಔಷಧಿ ಡಬ್ಬಿಗಳ ಲೇಬಲ್ ಪರೀಕ್ಷೆ. ಅಂದಮೇಲೆ ತಾನೇ ಬೆರೆಸಿದ, ಬೇರೆಯವರು ತಿನ್ನದಿರಲಿ ಎಂದು ತಾನೇ ಹೆಸರು ಅಂಟಿಸಿದ, ತಾನೇ ತಿಂದ. ಆತ್ಮಹತ್ಯೆ ಎಂದು ವೀವರ್ ಬರೆದಾಗಿತ್ತು.

ಅಮೂಲ್ಯಾ ನನ್ನನ್ನು ಕರೆದದ್ದು ಒಂದೇ ಪ್ರಶ್ನೆಗೆ. ಮೊದಲ ದಿನವೇ ಕೇಳಿದ್ದಳು: "ಅವರು ನನ್ನ ಬಿಟ್ಟು ಹೋದ್ರಾ ಆಂಟಿ? ಅದೊಂದು ಗೊತ್ತಾಗ್ಲಿ. ಬೇರೇನೂ ಬೇಡ."

"ಎಂಥ ಜೋಕು ಮಾರಾಯ್ತಿ ಅದು?" ಎಂದೆ.

"ಅವರ ಕೆಲಸಾನೇ ಅದಲ್ವಾ. ಒಂದೇ ಸ್ಪೆಲ್ಲಿಂಗು, ಒಂದೊಂದು ದೇಶದಲ್ಲಿ ಒಂದೊಂದು ಅರ್ಥ. ಅಂಥ ಪದ ತಪ್ಪಿ ಬೇರೆ ದೇಶದ ಡಬ್ಬಿ ಮೇಲೆ ಕೂತ್ಬಿಟ್ರೆ ಕಷ್ಟ, ಅದನ್ನ ಹುಡುಕಿ ಹುಡುಕಿ ತೆಗೀಬೇಕು. ಫೋನ್ ಮಾಡಿದಾಗೆಲ್ಲ ಒಂದು ಹೇಳೋರು. ಇಂಗ್ಲಿಷಲ್ಲಿ ರ‍್ಯಾಟ್ ಅಂತ ಬರೆದ್ರೆ ಇಲಿ, ಜರ್ಮನಲ್ಲಿ ಅದೇ ಸ್ಪೆಲ್ಲಿಂಗು ಬುದ್ಧಿಮಾತು. ಸ್ವೀಡನ್‌ನಲ್ಲಿ ಬ್ರಾ ಅಂದ್ರೆ..." ಅಲ್ಲಿಗೆ ನಿಲ್ಲಿಸಿ ನಾಚಿಕೊಂಡಳು. "ಬ್ರಾ ಅಂದ್ರೆ 'ಒಳ್ಳೇದು' ಅಂತ ಆಂಟಿ. ಒಂದು ವಾರ ಪೂರ್ತಿ ಫೋನ್ ಇಡುವಾಗ ಅದನ್ನೇ ಹೇಳ್ತಿದ್ರು."

"ಗಿಫ್ಟ್?"

"ಇಂಗ್ಲಿಷಲ್ಲಿ ಉಡುಗೊರೆ, ಜರ್ಮನಲ್ಲಿ ವಿಷ, ಸ್ವೀಡಿಷಲ್ಲಿ ಮದುವೆಯಾದೋರು. ಓದೋದು ಬೇರೆ, ಬರೆಯೋದು ಒಂದೇ. 'ನೋಡು ಅಮ್ಮು, ನಮ್ಮ ಥರಾನೇ ಇದೆ ಈ ಪದ. ನಾರ್ತ್ ಕ್ಯಾರೊಲೈನಾದಲ್ಲಿ ನಾನು ಬ್ರಹ್ಮಚಾರಿ, ಮೇರಿಲ್ಯಾಂಡ್ ಗಡಿ ದಾಟಿದ ತಕ್ಷಣ ಗೃಹಸ್ಥ' ಅನ್ನೋರು."

ನಗಲು ಹೋದಳು. ಆಗಲಿಲ್ಲ. ಸೆರಗಿಲ್ಲದ ಚೂಡಿದಾರದಲ್ಲಿ ಕಣ್ಣೊರೆಸಲು ಏನೂ ಸಿಗದೆ ಪೇಪರ್ ಟವೆಲ್ ಹರಿದಳು. ಅವಳ ವೀಸಾ ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನ ಲ್ಯಾಬಿಗೆ ಅಂಟಿಕೊಂಡಿತ್ತು, ಅವನದು ಡರ್ಹಮ್‌ನ ಕಂಪನಿಗೆ. ಮದುವೆಯಾದಾಗಿನಿಂದ ಸಂಸಾರ ಎನ್ನುವುದು ಐದು ಗಂಟೆಯ ರಸ್ತೆಯ ಎರಡು ತುದಿ. ನಡುವೆ ತಪ್ಪದೆ ಓಡಾಡುತ್ತಿದ್ದದ್ದು ಸ್ಟೀಲ್ ಡಬ್ಬಗಳು ಮಾತ್ರ. ಮದುವೆಗೆ ಕೊಟ್ಟ ಪಾತ್ರೆಗಳು. ಎಲ್ಲದರ ಮೇಲೂ ಅಂಗಡಿಯಲ್ಲಿ ಕೊರೆಸಿದ ಅವಳ ಹೆಸರು.

"ಯಾರ ಕೈಯಲ್ಲಿ ಕಳಿಸ್ತಿದ್ದೆ?"

"ರವಿಶಂಕರ್ ಕೈಯಲ್ಲಿ. ಇವರ ಆಫೀಸಲ್ಲೇ ಕೆಲಸ, ಇವರ ಎದುರು ಅಪಾರ್ಟ್‌ಮೆಂಟು. ಅವರ ಅಕ್ಕನ ಮನೆ ಇಲ್ಲೇ ಇದೆ, ವೀಕೆಂಡಲ್ಲಿ ಬರ್ತಿರ್ತಾರೆ. ಹೋಗುವಾಗ ನನ್ನ ಡಬ್ಬ ತಗೊಂಡು ಹೋಗೋರು, ಬರುವಾಗ ಇವರ ಡಬ್ಬ ತಂದು ಕೊಡೋರು. ಡಬ್ಬ ಖಾಲಿ ವಾಪಸ್ ಕೊಡಬಾರದಲ್ವಾ? ಇವರಿಗೆ ಅಡುಗೆ ಬರಲ್ಲ. ಒಂದ್ಸಲ ಸಕ್ಕರೆ, ಒಂದ್ಸಲ ಆರೆಂಜು, ಒಂದ್ಸಲ ಆಫೀಸಿನ ಪೆನ್ನು! ಮುಚ್ಚಳದ ಮೇಲೆ ಈ ಸ್ಟಿಕರು."

ಕಪಾಟು ತೆಗೆದು ಒಂದು ಗಾಜಿನ ಜಾಡಿ ತೋರಿಸಿದಳು. ಅವನು ಕಳಿಸಿದ ಸಕ್ಕರೆಯನ್ನು ಒಂದು ಚಮಚವೂ ಬಳಸದೆ ಕೂಡಿಟ್ಟಿದ್ದಳು. ಈ ದೇಶದಲ್ಲಿ ನನ್ನ ಮನೆಯ ಡಬ್ಬಗಳು ಎಲ್ಲಿಗೂ ಹೋಗುವುದಿಲ್ಲ, ಎಲ್ಲಿಂದಲೂ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಅವು ಕಪಾಟಿನಲ್ಲಿ ಒಂದರೊಳಗೊಂದು ಕೂತಿವೆ. ಆ ಜಾಡಿ ನೋಡಿ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

"ಸರಿಯಾಗಿ ಹೇಳು ಅಮೂಲ್ಯಾ. ಸ್ಟಿಕರು ಅಂಟುವುದು ಯಾವ ಡಬ್ಬಕ್ಕೆ? ಇಲ್ಲಿಂದ ಹೋಗುವುದಕ್ಕಾ, ಅಲ್ಲಿಂದ ಬರುವುದಕ್ಕಾ?"

"ಬರೋದಕ್ಕೆ ಮಾತ್ರ."

"ಕೊನೆಯ ಸಲ ನೀನು ಕಳಿಸಿದ್ದು ಎಂಥದು?"

"ಎರಡು ಡಬ್ಬ ಮೆಂತ್ಯದ ಹಿಟ್ಟು."

"ರವೆ ಉಂಡೆ ಅಲ್ಲವಾ?"

"ಅಲ್ಲ. ಅವರಿಗೆ ರವೆ ಹುರಿಯೋಕೂ ಬರಲ್ಲ ಆಂಟಿ." ತಡೆದು, ತಿದ್ದಿಕೊಂಡಳು. "ಬರ್ತಿರ್ಲಿಲ್ಲ."

ಮೆಂತ್ಯದ ಹಿಟ್ಟು ಬಂದ ಡಬ್ಬವನ್ನು ತೊಳೆದು, ಉಂಡೆ ತುಂಬಿ, ಸ್ಟಿಕರು ಅಂಟಿಸಿದ್ದಾರೆ. ಮೇಜಿನ ಮೇಲಿದ್ದದ್ದು ಹೊರಡಲು ತಯಾರಾಗಿ ನಿಂತ ಡಬ್ಬ. ಆ ಉಂಡೆ ಗೋಪಿನಾಥ ತಿನ್ನಲಿಕ್ಕೆ ಮಾಡಿದ್ದಲ್ಲ. ನನ್ನ ಮುಂದೆ ಪೇಪರ್ ಟವೆಲ್ ಹಿಡಿದು ನಿಂತ ಈ ಹುಡುಗಿ ತಿನ್ನಲಿ ಎಂದು ಮಾಡಿದ್ದು.

ಅವಳಿಗೆ ಹೇಳಲಿಲ್ಲ. "ಇದನ್ನು ವೀವರ್‌ಗೆ ಯಾಕೆ ಹೇಳಲಿಲ್ಲ ನೀನು?" ಎಂದೆ.

"ಅವರು ಕೇಳ್ಲಿಲ್ಲ," ಎಂದು ಜಾಡಿಯನ್ನು ಒಳಗಿಟ್ಟಳು.

ಹೊರಡುವಾಗ ಊಟ ಮಾಡಿಕೊಂಡು ಹೋಗಿ ಎಂದಳು. ನೀನೂ ಕೂತರೆ ಮಾಡುತ್ತೇನೆ ಎಂದೆ.

"ನಾನು ಇವತ್ತು ಉಪವಾಸ ಆಂಟಿ. ನಮ್ಮ ಮದುವೆ ಆದ ದಿನ. ಸಂಜೆ ದೀಪ ಹಚ್ಚಿ ತಿಂತೀನಿ. ಅವರ ಕೈಯಿಂದ ಬಂದಿದ್ದು ಸ್ವಲ್ಪ ಉಳಿದಿದೆಯಲ್ಲ, ಅದನ್ನೇ."

ಸಕ್ಕರೆ ತಿನ್ನಲಿ ಪಾಪ, ಎಂದುಕೊಂಡೆ. ಬಾಗಿಲಲ್ಲಿ ನನ್ನ ಕೈಯನ್ನು ಸ್ವಲ್ಪ ಹೆಚ್ಚೇ ಹೊತ್ತು ಹಿಡಿದಿದ್ದಳು.

ಗೈದರ್ಸ್‌ಬರ್ಗ್‌ನಿಂದ ಡರ್ಹಮ್‌ಗೆ ಒಬ್ಬಳೇ ಕಾರು ಓಡಿಸುವುದು ಯಾವ ಶತ್ರುವಿಗೂ ಬೇಡ. ವಾಷಿಂಗ್ಟನ್ ಸುತ್ತಿನ ಟ್ರಾಫಿಕ್ಕು ಮುಗಿಯುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಪೀಟರ್ಸ್‌ಬರ್ಗ್ ದಾಟಿ ಎಂಬತ್ತೈದನೇ ನಂಬರಿನ ಹೆದ್ದಾರಿ ಹಿಡಿದ ಮೇಲೆ ಎರಡೂ ಕಡೆ ಪೈನ್ ಮರಗಳು, ಮತ್ತೆ ಪೈನ್ ಮರಗಳು. ರೇಡಿಯೊ ಸ್ಟೇಷನ್ನುಗಳು ಒಂದೊಂದಾಗಿ ಕೈಬಿಟ್ಟವು. ಈ ದಾರಿಯಲ್ಲಿ ಗೋಪಿನಾಥ ಎಷ್ಟು ಸಲ ಹೀಗೆ ಹೋಗಿದ್ದನೋ, ಯಾರ ಜೊತೆ ಮಾತಾಡಿಕೊಂಡಿದ್ದನೋ. ನಾನಂತೂ ನನ್ನ ಜೊತೆಯೇ ಜಗಳವಾಡುತ್ತಾ ಹೋದೆ.

ವರ್ಜೀನಿಯಾದ ಗಡಿಯ ಹತ್ತಿರ ಕಾಫಿಗೆ ನಿಂತಾಗ ವೀವರ್‌ಗೆ ಫೋನ್ ಮಾಡಿದೆ.

"ಗಿಫ್ಟ್‌ಗೆ ಜರ್ಮನ್‌ನಲ್ಲಿ ವಿಷ ಅಂತ ನಿಮಗೆ ಹೇಳಿದ್ದು ಯಾರು?"

"ಅವನ ಸಹೋದ್ಯೋಗಿ. ರವಿ ಏನೋ. ತುಂಬ ಸಹಾಯ ಮಾಡಿದ," ಎಂದ ವೀವರ್. ಒಳ್ಳೆಯ ಮನುಷ್ಯ, ಆದರೆ ಬಾಗಿಲು ತೆರೆದಿದ್ದರೆ ಕಿಟಕಿ ನೋಡುವವನಲ್ಲ.

"ಡಬ್ಬಗಳ ಬಗ್ಗೆ ಏನೆಂದ?"

"ಹೆಂಡತಿ ಊಟ ಕಳಿಸ್ತಿದ್ದಳು, ತಾನು ತಂದು ಕೊಡ್ತಿದ್ದೆ, ಖಾಲಿ ಡಬ್ಬ ವಾಪಸ್ ಒಯ್ತಿದ್ದೆ ಅಂದ. ಯಾಕೆ?"

"ಖಾಲಿ ಡಬ್ಬ ಅಂದನಾ?"

"ಹೌದು. ಊಟ ಮುಗಿದ ಮೇಲೆ ಡಬ್ಬ ಖಾಲಿಯೇ ಇರುತ್ತೆ ಮೇಡಂ. ನಮ್ಮತ್ತೆಯ ಡಬ್ಬಾನೂ ನಾನು ಖಾಲಿಯೇ ಕೊಡೋದು."

"ಅದಕ್ಕೇ ಅವರು ನಿಮ್ಮ ಬಗ್ಗೆ ಒಳ್ಳೆಯ ಮಾತಾಡಲಿಕ್ಕಿಲ್ಲ," ಎಂದು ಫೋನ್ ಇಟ್ಟೆ.

ಖಾಲಿ ಡಬ್ಬವಂತೆ! ಪ್ರತಿ ಸಲ ಸ್ಟಿಕರು ಅಂಟಿದ, ತುಂಬಿದ ಡಬ್ಬವನ್ನು ತನ್ನ ಕಾರಿನಲ್ಲಿ ಹೊತ್ತವನು ಈ ರವಿಶಂಕರ. ಅದು ಗಂಡ ಹೆಂಡತಿಯ ತಮಾಷೆ ಎಂದು ಅವನಿಗೆ ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ. ಗೊತ್ತಿದ್ದೂ ಅಮೆರಿಕದ ಪೊಲೀಸಿಗೆ ಜರ್ಮನ್ ಪಾಠ ಮಾಡಿದ್ದಾನೆ.

ಬರುತ್ತೇನೆಂದು ದಾರಿಯಿಂದಲೇ ತಿಳಿಸಿದ್ದೆ. ರವಿಶಂಕರ್ ಬಾಗಿಲು ತೆಗೆದಾಗ ಹೊತ್ತು ಇಳಿಯುತ್ತಿತ್ತು. ಮೂವತ್ತರ ಆಸುಪಾಸಿನ ಹುಡುಗ, ಮೈಸೂರಿನವನು, ಗಡ್ಡ ಬೋಳಿಸದೆ ಎಷ್ಟೋ ದಿನವಾದ ಮುಖ.

"ಬನ್ನಿ ಆಂಟಿ, ಕೂತ್ಕೊಳಿ. ಅಮೂಲ್ಯಾ ಹೇಗಿದಾರೆ?"

"ಇದ್ದಾಳೆ," ಎಂದೆ.

ಮನೆ ಚೊಕ್ಕವಾಗಿತ್ತು. ಒಲೆಯ ಮೇಲೆ ದಪ್ಪ ತಳದ ಬಾಣಲೆ, ಪಕ್ಕದಲ್ಲಿ ಸಾಲಾಗಿ ಏಲಕ್ಕಿ, ಲವಂಗ, ಗೋಡಂಬಿ. ಅಡುಗೆ ಬಲ್ಲವನ ಮನೆ. ಗೋಡೆಯ ಮೇಲೆ ಎರಡು ಫೋಟೊ, ಎರಡರಲ್ಲೂ ಗೋಪಿನಾಥ ಇದ್ದ. ಒಂದರಲ್ಲಿ ಸಮುದ್ರದ ಮುಂದೆ ಇಬ್ಬರೂ ಹಲ್ಲು ಬಿಟ್ಟು ನಗುತ್ತಿದ್ದರು. ಬೇರೆ ಯಾರದೂ ಫೋಟೊ ಇರಲಿಲ್ಲ.

ಕಾಫಿ ಮಾಡಿ ಕೊಟ್ಟ. ಚೆನ್ನಾಗಿತ್ತು. ಅದೇ ನನಗೆ ಸಿಟ್ಟು ತರಿಸಿತು.

ಪಾತ್ರೆ ಒಣಹಾಕುವ ಸ್ಟ್ಯಾಂಡಿನಲ್ಲಿ ಒಂದು ಸ್ಟೀಲ್ ಡಬ್ಬವಿತ್ತು. ಅಮೂಲ್ಯಾ ಎಂದು ಕೊರೆದದ್ದು ನಾನು ಕೂತಲ್ಲಿಂದಲೇ ಕಾಣುತ್ತಿತ್ತು.

"ಅದು ಅವಳದಲ್ಲವಾ? ಕೊಡಿ, ನಾನೇ ತಲುಪಿಸುತ್ತೇನೆ. ನಾಡಿದ್ದು ಮತ್ತೆ ಹೋಗುವುದುಂಟು."

"ಹೌದು, ಪುಳಿಯೋಗರೆ ಗೊಜ್ಜು ಕಳಿಸಿದ್ರು ಯಾವಾಗ್ಲೋ. ಕೊಡ್ಬೇಕು ಅಂತಾನೇ ಇದ್ದೆ." ಎದ್ದು ಹೋಗಿ ಡಬ್ಬ ತೆಗೆದ. ಒಣ ಬಟ್ಟೆಯಲ್ಲಿ ಒರೆಸಿದ. ಆಮೇಲೆ, ಅವಳ ಆರೋಗ್ಯದ ಬಗ್ಗೆ ಏನೋ ಕೇಳುತ್ತಲೇ, ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ಎರಡು ಚಮಚ ಸಕ್ಕರೆ ಅದರೊಳಗೆ ಸುರಿದ.

ನಾನು ಕಾಫಿ ಲೋಟ ಕೆಳಗಿಟ್ಟೆ.

"ಸಕ್ಕರೆ ಯಾಕೆ ಹಾಕಿದ್ರಿ?"

"ಅಂದ್ರೆ?" ನಕ್ಕ. "ಖಾಲಿ ಕೊಡಬಾರದಲ್ಲ ಆಂಟಿ. ಅಮ್ಮ ಬೈತಾರೆ..."

ನಗು ಅರ್ಧಕ್ಕೆ ನಿಂತಿತು. ಚಮಚ ಕೈಯಲ್ಲೇ ಉಳಿಯಿತು.

"ಕೈಗೆ ಬಂದ ಅಭ್ಯಾಸ, ಅಲ್ಲವಾ? ನೀವು ಖಾಲಿ ಕೊಡುವವರಲ್ಲ. ಗೋಪಿನಾಥನೂ ಖಾಲಿ ಕಳಿಸಿದವನಲ್ಲ. ಮತ್ತೆ ವೀವರ್‌ಗೆ ಖಾಲಿ ಡಬ್ಬ ಒಯ್ತಿದ್ದೆ ಅಂತ ಯಾಕೆ ಹೇಳಿದ್ರಿ? ಆ ಬಿಳಿಯನಿಗೆ ಅನುಮಾನ ಬರಲಿಕ್ಕಿಲ್ಲ ಅಂತಲಾ?"

ಅವನು ಚಮಚವನ್ನು ಸಕ್ಕರೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ.

"ಆ ಸ್ಟಿಕರು ಅಂಟಿದ ಡಬ್ಬಗಳನ್ನು ನಿಮ್ಮ ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೋದದ್ದು ನೀವು. ಅದು ಅವಳ ಮನೆಯ ಜೋಕು ಅಂತ ಗೊತ್ತಿತ್ತು. ಆದರೂ ಜರ್ಮನ್, ವಿಷ, ಆತ್ಮಹತ್ಯೆ! ಆ ಹುಡುಗಿ ಒಂದು ತಿಂಗಳಿಂದ ಗಂಡ ತನ್ನನ್ನು ಬಿಟ್ಟು ಹೋದ ಅಂತ ಸಾಯುತ್ತಾ ಇದ್ದಾಳೆ ಮಾರಾಯ. ಮನುಷ್ಯನಾ ನೀನು?"

ರವಿಶಂಕರ್ ಕೂತುಕೊಂಡ. "ಅದಕ್ಕಿಂತ ಕೆಟ್ಟದ್ದು ಗೊತ್ತಾಗಬಾರದು ಅಂತ ಹೇಳ್ದೆ ಆಂಟಿ."

"ಯಾವುದು ಕೆಟ್ಟದ್ದು?"

"ಉಂಡೆ ಮಾಡಿದ್ದು ಇಲ್ಲೇ. ಈ ಬಾಣಲೇಲೇ. ಆನಿವರ್ಸರಿಗೆ ಒಂದು ಸ್ವೀಟ್ ಕಲಿಸ್ಕೊಡೋ, ಈಗಿಂದ್ಲೇ ಪ್ರಾಕ್ಟೀಸ್ ಮಾಡ್ತೀನಿ ಅಂದ. ನಾನು ಹೇಳ್ಕೊಟ್ಟೆ, ಅವನು ಕಟ್ಟಿದ. ಒಂದೊಂದರ ಮೇಲೂ ಲವಂಗ ಚುಚ್ಚಿದ. ಎರಡು ಡಬ್ಬ ತುಂಬಿತು. ಒಂದು ನನ್ನ ಕಾರಲ್ಲಿಟ್ಟ. ಇನ್ನೊಂದರಲ್ಲಿ ಉಂಡೆ ಇನ್ನೂ ಬಿಸಿ ಇದೆ, ಆರ್ಲಿ, ಬೆಳಿಗ್ಗೆ ಕೊಡ್ತೀನಿ ಅಂತ ಮನೆಗೆ ಒಯ್ದ. ಬೆಳಿಗ್ಗೆ ಹೋಗಿ ನೋಡಿದ್ರೆ..." ಬಲಗೈಯಲ್ಲಿ ಮುಖ ಮುಚ್ಚಿಕೊಂಡ. "ನಾನು ಬೆರೆಸಿಲ್ಲ ಆಂಟಿ. ಇದ್ದೋರು ನಾವಿಬ್ರೇ. ಹಾಗಾದ್ರೆ ಇನ್ಯಾರು? ಅವನೇ ಅವಳಿಗೆ ಅಂತ ಬೆರೆಸಿದ. ಆಮೇಲೆ ಮನಸ್ಸು ತಡೀಲಿಲ್ಲ, ತಾನೇ ತಿಂದ. ಇದನ್ನ ನಾನು ಹೇಗೆ ಹೇಳ್ಲಿ ಅವಳಿಗೆ?"

"ಇದ್ದದ್ದು ಇಬ್ಬರು. ಒಬ್ಬ ಸತ್ತ. ಉಳಿದವನು ಹೇಳಿದ್ದನ್ನು ನಾನು ನಂಬಬೇಕು. ಚೆನ್ನಾಗಿದೆ."

ಆಗ ನನಗೆ ಹೊಳೆಯಿತು. ಎರಡು ಡಬ್ಬ.

"ಕಾರಿನಲ್ಲಿಟ್ಟ ಡಬ್ಬ ಎಲ್ಲಿ?"

"ಕೊಟ್ಟೆ. ಸುಡೋದೆಲ್ಲ ಮುಗಿದ ಮೇಲೆ ಅವರ ಕೈಗೇ ಕೊಟ್ಟೆ. ಗೋಪಿಯ ಕೊನೇ ಡಬ್ಬ, ಇಟ್ಕೊಳಿ ಅಂತ. ಆಗ ಉಂಡೆಯಲ್ಲಿ ವಿಷ ಇದೆ ಅಂತ ರಿಪೋರ್ಟು ಬಂದಿರ್ಲಿಲ್ಲ."

"ಬಂದ ಮೇಲೆ?"

"ಅಷ್ಟೊತ್ತಿಗೆ ತಿಂದಿರ್ತಾರೆ ಅನ್ಕೊಂಡೆ. ಫೋನಲ್ಲಿ ಮಾತಾಡಿದ್ರು, ಚೆನ್ನಾಗೇ ಇದ್ರು. ಹಾಗಾದ್ರೆ ಆ ಡಬ್ಬದಲ್ಲಿ ಏನೂ ಇಲ್ಲ ಅನ್ಕೊಂಡು..."

"ಕೇಳಲಿಲ್ಲವಾ? ಒಂದು ಮಾತು ಕೇಳಲಿಕ್ಕೆ ನಿನ್ನ ಬಾಯಿಗೆ ಎಂಥ ಬಡಿದಿತ್ತು?"

ಕಿಟಕಿಯ ಹೊರಗೆ ಪಾರ್ಕಿಂಗ್ ದೀಪಗಳು ಹೊತ್ತಿಕೊಂಡವು. ಅವನು ಎದ್ದ, ಏನಾದರೂ ಮಾಡಬೇಕಲ್ಲ ಎಂಬಂತೆ. "ಕತ್ತಲಾಯ್ತು. ದೀಪ ಹಾಕ್ತೀನಿ."

ಸಂಜೆ ದೀಪ ಹಚ್ಚಿ ತಿಂತೀನಿ. ಅವರ ಕೈಯಿಂದ ಬಂದಿದ್ದು ಸ್ವಲ್ಪ ಉಳಿದಿದೆಯಲ್ಲ.

ಸಕ್ಕರೆಯಲ್ಲ. ಅಯ್ಯೋ ದೇವರೇ, ಅವಳು ಹೇಳಿದ್ದು ಸಕ್ಕರೆಯಲ್ಲ.

ಮೊಬೈಲ್ ತೆಗೆದು ಒತ್ತಿದೆ. ಒಂದು ಸಲ ತಪ್ಪು ನಂಬರು ಹೋಯಿತು. ಮತ್ತೆ ಒತ್ತಿದೆ. ಗೈದರ್ಸ್‌ಬರ್ಗ್‌ನ ಆ ಅಡುಗೆಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಕ್ಲಿಕ್ ಎಂದಿತು.

"ಹಲೋ, ಇದು ಗೋಪಿ ಮತ್ತು ಅಮೂಲ್ಯಾ ಮನೆ," ಎಂದಿತು ಸತ್ತವನ ದನಿ, ಬಹಳ ಖುಷಿಯಿಂದ. "ನಾವಿಬ್ಬರೂ ಈಗ ಮನೇಲಿಲ್ಲ. ಬೀಪ್ ಆದ ಮೇಲೆ ಮೆಸೇಜ್ ಬಿಡಿ. ಊಟದ ವಿಷಯ ಆದ್ರೆ ಬೇಗ ಬಿಡಿ."

ಹಿಂದೆ ಒಂದು ಹೆಣ್ಣು ದನಿ ನಗುತ್ತಿತ್ತು. ಅವಳು ಅದನ್ನು ಅಳಿಸಿರಲಿಲ್ಲ. ರವಿಶಂಕರ್ ಗೋಡೆಗೆ ಒರಗಿ ನಿಂತ.

ಬೀಪ್.

"ಅಮೂಲ್ಯಾ! ಊರ್ಮಿಳಾ ಆಂಟಿ ನಾನು. ಆ ಡಬ್ಬದಲ್ಲಿದ್ದದ್ದು ತಿನ್ನಬೇಡ! ಕೇಳಿಸ್ತಾ? ಉಂಡೆ ಮುಟ್ಟಬೇಡ. ಫೋನ್ ಎತ್ತು. ಅಮೂಲ್ಯಾ, ಫೋನ್ ಎತ್ತು ಮಗಾ!"

ಎತ್ತಿದಳು.

"ಗೊತ್ತು ಆಂಟಿ," ಎಂದಳು. ದನಿ ಸಮಾಧಾನವಾಗಿತ್ತು. ನನಗೆ ಅದೇ ಭಯವಾಯಿತು.

"ಏನು ಗೊತ್ತು?"

"ಪೊಲೀಸ್ ತೋರಿಸಿದ ಫೋಟೋದಲ್ಲಿ ಇದ್ದಿದ್ದೂ ಇದೇ ಉಂಡೆ. ಇದೇ ಥರ ಲವಂಗ ಚುಚ್ಚಿದ್ದು. ಫೋಟೋ ತೋರಿಸಿದ ದಿನ ಮನೆಗೆ ಬಂದು ಡಬ್ಬ ತೆಗೆದು ನೋಡಿದಾಗ್ಲೇ ಗೊತ್ತಾಯ್ತು. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಅವರನ್ನ ಕೊಲೆಗಾರ ಅಂತಿದ್ರು. ಫ್ರೀಜರಲ್ಲಿಟ್ಟಿದ್ದೆ. ಬೆಳಿಗ್ಗೆ ಹೊರಗೆ ತೆಗೆದೆ. ಈಗ ಮೆತ್ತಗಾಗಿದೆ."

"ಕೆಳಗಿಡು ಅದನ್ನು."

"ಒಂದು ಪ್ರಶ್ನೆ ಕೇಳಿದ್ನಲ್ಲ ಆಂಟಿ ನಿಮ್ಮನ್ನ. ಅರ್ಧ ಮಾತ್ರ ಕೇಳಿದ್ದೆ. ಅವರು ನನ್ನ ಬಿಟ್ಟು ಹೋದ್ರಾ? ಇಲ್ಲಾ ನನ್ನನ್ನೇ ಕಳಿಸೋಕೆ ಹೊರಟಿದ್ರಾ? ಎರಡರಲ್ಲಿ ಯಾವುದಾದ್ರೂ ನಿಜ ಆದ್ರೆ ನಾನು ಇಲ್ಲಿ ಒಬ್ಬಳೇ ಕೂತು ಏನು ಮಾಡ್ಲಿ? ತಿಂದ್ಬಿಡ್ತೀನಿ. ಎರಡೂ ಅಲ್ಲ ಅಂತ ನೀವು ಹೇಳಿ, ಇಟ್ಬಿಡ್ತೀನಿ. ಆದ್ರೆ ಸುಳ್ಳು ಹೇಳ್ಬೇಡಿ. ನಿಮಗೆ ಅದು ಬರಲ್ಲ."

ಎರಡೂ ಅಲ್ಲ ಎನ್ನಬೇಕಾದರೆ ಮೂರನೆಯದು ನನ್ನ ಕೈಯಲ್ಲಿರಬೇಕು. ನನ್ನ ಹತ್ತಿರ ಇದ್ದದ್ದು ಎರಡು ಚಮಚ ಸಕ್ಕರೆ ಮತ್ತು ಒಂದು ಅನುಮಾನ.

"ಅಮೂಲ್ಯಾ, ಒಂದು ನಿಮಿಷ ತಾಳು. ನಾನು..."

"ದೀಪ ಹಚ್ಚಾಯ್ತು ಆಂಟಿ."

ರವಿಶಂಕರ್ ಗೋಡೆ ಬಿಟ್ಟು ಮುಂದೆ ಬಂದ. ಅವಳ ಮಾತು ಅವನಿಗೂ ಕೇಳಿಸಿತ್ತು. ಸಕ್ಕರೆ ಹಾಕಿದ ಡಬ್ಬ ಇನ್ನೂ ಎಡಗೈಯಲ್ಲೇ ಇತ್ತು. ಬಲಗೈ ನನ್ನ ಮುಂದೆ ಚಾಚಿದ.

"ಫೋನ್ ಕೊಡಿ," ಎಂದ. "ಎರಡೂ ಅಲ್ಲ ಅಂತ ಅವಳಿಗೆ ಆಣೆ ಇಟ್ಟು ಹೇಳೋಕಾಗೋದು ನನಗೊಬ್ಬನಿಗೇ. ಬೆರೆಸಿದ್ದು ಯಾರು ಅಂತ ಬೆರೆಸಿದವನಿಗೆ ತಾನೇ ಗೊತ್ತಿರೋದು."

ನಾನು ಅವನ ಮುಖ ನೋಡಿದೆ. ಗೋಡೆಯ ಮೇಲಿನ ಫೋಟೊ ನೋಡಿದೆ. ಎರಡರಲ್ಲೂ ಗೋಪಿನಾಥ, ಒಂದರಲ್ಲೂ ಅವನ ಹೆಂಡತಿ ಇರಲಿಲ್ಲ.

"ಆಂಟಿ?" ಎಂದಳು ಅಮೂಲ್ಯಾ. "ಅಲ್ಲಿ ಯಾರಿದಾರೆ?"

ನಾನು ಫೋನನ್ನು ಅವನ ಕೈಗೆ ಕೊಟ್ಟೆ.